ಬೂದಿಗಂಬಳಿಯವರು ಯಾರು, ಲುಂಬಿನಿ ಮೇಡಂ?

ಲುಂಬಿನಿ ಆ ಆಟವನ್ನು ಒಮ್ಮೆಯೂ ಆಡಿರಲಿಲ್ಲ. ಈ ಮಾತನ್ನು ಆಕೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ನೆರೆಹೊರೆಗೆ ಹೇಳಿದಳು, ಚಿತ್ತಾಪುರದ ಕಾಲೇಜಿನಲ್ಲಿ ಹೇಳಿದಳು, ಚಿಂಚೋಳಿಯ ಒಂದು ಮದುವೆಯಲ್ಲಿ ಉಣ್ಣುತ್ತಿದ್ದ ತುತ್ತನ್ನು ಕೆಳಗಿಟ್ಟು ಹೇಳಿದಳು. ಒಬ್ಬರಾದರೂ ನಂಬಿದ್ದರೆ ಕೇಳಿ.

ಆಟದ ಹೆಸರು ‘ಏಳು ಕೋಟೆ’. ಮೊಬೈಲಿನಲ್ಲಿ ಆಡುವಂಥದ್ದು. ಕತ್ತಿ ಹಿಡಿದು ಒಂದೊಂದೇ ಕೋಟೆ ಗೆಲ್ಲುತ್ತ ಹೋಗಬೇಕು. ದಾರಿಯಲ್ಲಿ ಮಾಟಗಾರರು, ರೆಕ್ಕೆ ಇರುವ ಹುಲಿಗಳು, ಒಗಟು ಕೇಳುವ ಬಾವಿ, ಇಂಥವೆಲ್ಲ ಎದುರಾಗುತ್ತವೆ. ಪ್ರತಿ ಕೋಟೆಯಲ್ಲೂ ತಲೆಯಿಂದ ಪಾದದವರೆಗೆ ಬೂದಿ ಬಣ್ಣದ ಕಂಬಳಿ ಹೊದ್ದ ಒಂದು ಆಕೃತಿ ಬರುತ್ತದೆ, ಗೂಡಿನಲ್ಲಿ ದೀಪ ಹಚ್ಚುತ್ತದೆ, ಎರಡು ಮಾತಾಡಿ ಹೊರಟುಹೋಗುತ್ತದೆ. ಮುಖ ಕಾಣುವುದಿಲ್ಲ. ದನಿಯೂ ಇಲ್ಲ, ಮಾತೆಲ್ಲ ತೆರೆಯ ಮೇಲೆ ಅಕ್ಷರದಲ್ಲಿ ಮೂಡುತ್ತದೆ. ಅದು ಗಂಡೋ ಹೆಣ್ಣೋ, ಬದುಕಿದ ಮನುಷ್ಯನೋ ದೆವ್ವವೋ, ಆಟ ಮುಗಿದರೂ ತಿಳಿಯುವುದಿಲ್ಲ. ಆಡುವವರು ಅದಕ್ಕೆ ಬೂದಿಗಂಬಳಿ ಎಂದು ಹೆಸರಿಟ್ಟಿದ್ದರು. ಬೂದಿಗಂಬಳಿ ಯಾರು ಎಂಬ ಪ್ರಶ್ನೆಗೆ ಉತ್ತರ ಲುಂಬಿನಿಗೆ ಮಾತ್ರ ಗೊತ್ತು ಎಂದು ನಂಬಿದ್ದರು. ಆಟ ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿಯುವ ಹೆಸರುಗಳ ಸಾಲಿನಲ್ಲಿ ‘ಕನ್ನಡ: ಲುಂಬಿನಿ ಸುರೇಶಕುಮಾರ, ವಾಡಿ’ ಎಂದು ಇತ್ತಲ್ಲ, ಅದೇ ಆಕೆಗೆ ಮುಳುವಾಯಿತು.

ಲುಂಬಿನಿ ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಕೂಲಿಯವರ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಎಂ.ಎ. ಮಾಡಿ, ಚಿತ್ತಾಪುರದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದವಳು. ಗಂಡ ಸುರೇಶಕುಮಾರ ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ವಿಭಾಗದ ನೌಕರ. ಬೇಸಿಗೆ ರಜೆಯಲ್ಲಿ ಅತಿಥಿಗಳಿಗೆ ಕಾಲೇಜು ಇರುವುದಿಲ್ಲ. ಅಂಥದೊಂದು ಬೇಸಿಗೆಯಲ್ಲಿ ಪುಣೆಯ ಒಂದು ಸಣ್ಣ ಅನುವಾದ ಸಂಸ್ಥೆ ಆಕೆಗೆ ಈ ಆಟದ ಕನ್ನಡದ ಕೆಲಸ ಕೊಟ್ಟಿತು.

ಆ ಕೆಲಸ ಹೇಗಿತ್ತೆಂದರೆ, ಕಥೆ ಕಥೆಯಾಗಿ ಕೈಗೆ ಬರಲೇ ಇಲ್ಲ. ಚೂರುಚೂರಾಗಿ, ಹಿಂದುಮುಂದಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳಾಗಿ ಬಂತು. ‘ಬಾಗಿಲು ತೆರೆ’ ಆದ ಮೇಲೆ ‘ನಿನ್ನ ಕತ್ತಿ ಮೊಂಡಾಗಿದೆ’, ಅದಾದ ಮೇಲೆ ‘ಸೂಪು ತಣ್ಣಗಾಯಿತು’. ಯಾರು ಯಾರಿಗೆ ಹೇಳಿದ್ದು ಎಂದು ಕೇಳಿದರೆ ಪುಣೆಯವರು, ‘ನಮಗೂ ಇಷ್ಟೇ ಕೊಟ್ಟಿದ್ದಾರೆ’ ಎನ್ನುತ್ತಿದ್ದರು. ಕಥೆಯ ಬಗ್ಗೆ ಹೊರಗೆ ಬಾಯಿ ಬಿಡುವಂತಿಲ್ಲ ಎಂದು ಮಾತ್ರ ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಗೊತ್ತೇ ಇಲ್ಲದ ಕಥೆಯನ್ನು ಗುಟ್ಟಾಗಿ ಇಡುತ್ತೇನೆಂದು ಲುಂಬಿನಿ ಬರೆದುಕೊಟ್ಟಿದ್ದಳು.

ಕಂಬಳಿಯ ಆಕೃತಿಯ ವಿಷಯಕ್ಕೆ ಬಂದರೆ ಇಂಗ್ಲಿಷಿನಲ್ಲಿ ಎಲ್ಲೂ ಅವನು ಎಂದಿರಲಿಲ್ಲ, ಅವಳು ಎಂದಿರಲಿಲ್ಲ. ಅವರ ಭಾಷೆಯಲ್ಲಿ ಹಾಗೆ ನಡೆಯುತ್ತದೆ. ಕನ್ನಡದಲ್ಲಿ ಬಂದನೋ ಬಂದಳೋ ಹೇಳದೆ ವಾಕ್ಯ ಮುಗಿಸುವುದು ಹೇಗೆ? ಒಂದು ದಿನ ಯೋಚಿಸಿ ಲುಂಬಿನಿ ‘ಅವರು ಬಂದರು’ ಎಂದು ಬರೆದಳು. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಮರ್ಯಾದೆಯ ಒಂದು ಮಾತಿನಲ್ಲಿ ಇಡೀ ತೊಡಕು ಬಗೆಹರಿಯಿತು ಎಂದು ಆ ಸಂಜೆ ಖುಷಿಯಿಂದ ಮಂಡಕ್ಕಿ ತರಿಸಿ ಮಂಡಾಳ ಒಗ್ಗರಣೆ ಮಾಡಿ ಗಂಡನಿಗೂ ಕೊಟ್ಟಿದ್ದಳು.

ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಆಟದಲ್ಲಿ ಬರುವ ಹಳ್ಳಿಗರು, ಅಡುಗೆಯವರು, ದಣಿದವರು, ಇವರೆಲ್ಲ ತನ್ನ ಕಡೆಯ ಮಾತಾಡಲಿ ಎಂದು ‘ಬರ್ರಿ’, ‘ಕುಂದ್ರಿ’, ‘ಭಾಳ’ ಎಂದೆಲ್ಲ ಧಾರಾಳವಾಗಿ ಬರೆದಳು. ತಿದ್ದುವವರು ಮೈಸೂರಿನಲ್ಲಿದ್ದರು. ಅವರು ‘ಬನ್ನಿ’, ‘ಕುಳಿತುಕೊಳ್ಳಿ’, ‘ತುಂಬಾ’ ಎಂದು ಎಲ್ಲವನ್ನೂ ಇಸ್ತ್ರಿ ಮಾಡಿದರು. ಎರಡು ಕಡೆ ಮಾತ್ರ ಕಣ್ತಪ್ಪಿತು. ಮೊದಲ ಕೋಟೆಯಲ್ಲಿ ಸಾಯುವ ರಾಣಿ, ‘ಯವ್ವಾ, ಸಾಕಾಗ್ಯಾದ ನೋಡು’ ಎಂದು ಕಣ್ಣು ಮುಚ್ಚುತ್ತಾಳೆ. ನಾಲ್ಕನೆಯ ಕೋಟೆಯಲ್ಲಿ ದೀಪ ಹಚ್ಚಿ ಕೂತ ಬೂದಿಗಂಬಳಿ, ‘ಯವ್ವಾ, ಸಾಕಾಗ್ಯಾದ ನೋಡು’ ಎನ್ನುತ್ತದೆ. ಉಳಿದವರೆಲ್ಲ ಪುಸ್ತಕದ ಕನ್ನಡ ಆಡುವ ಆ ಲೋಕದಲ್ಲಿ ಹೀಗೆ ಮಾತಾಡುವವರು ಇಬ್ಬರೇ ಉಳಿದರು.

ಇದನ್ನು ಹಿಡಿದವನು ಸೇಡಂನ ನಂದಕಿಶೋರ್. ತಂದೆ ಮಠದಲ್ಲಿ ಪೂಜೆಯವರು. ಇವನು ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಸಂಜೆ ಮನೆಗೆ ಬಂದರೆ ಆಟಗಳ ಬಗ್ಗೆ ಕನ್ನಡದಲ್ಲಿ ವಿಡಿಯೊ ಮಾಡಿ ಹಾಕುತ್ತಿದ್ದ. ‘ಬೂದಿಗಂಬಳಿ ಸತ್ತ ರಾಣಿಯೇ!’ ಎಂಬ ವಿಡಿಯೊದಲ್ಲಿ ಅವನು ಗಣಿತದ ಮೇಷ್ಟ್ರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಸಾಧಿಸಿ ತೋರಿಸಿದ. ಇಬ್ಬರ ನುಡಿ ಒಂದೇ. ಅದೂ ಅಲ್ಲದೆ, ಆಟದಲ್ಲಿ ಭಿಕ್ಷೆ ಬೇಡುವವನಿಂದ ಹಿಡಿದು ಮಂತ್ರಿಯವರೆಗೆ ಎಲ್ಲರೂ ಬೂದಿಗಂಬಳಿಯನ್ನು ‘ಅವರು’ ಎನ್ನುತ್ತಾರೆ. ರಾಜಮನೆತನವಲ್ಲದಿದ್ದರೆ ಇಷ್ಟು ಮರ್ಯಾದೆ ಯಾಕೆ? ಇಂಗ್ಲಿಷಿನಲ್ಲಿ ಆಡುವವರಿಗೆ ಈ ಸುಳಿವು ಸಿಗಲಾರದು, ಕನ್ನಡದಲ್ಲಿ ಮಾತ್ರ ಬಚ್ಚಿಟ್ಟಿದ್ದಾರೆ, ಅನುವಾದಕಿಗೆ ಎಲ್ಲ ಗೊತ್ತು ಎಂದು ಅವನು ಕೊನೆಗೆ ಗಂಟು ಹಾಕಿದ. ವಿಡಿಯೊ ರಾಯಚೂರು, ಹುಬ್ಬಳ್ಳಿ ದಾಟಿ ಮಂಗಳೂರು ಮುಟ್ಟಿತು.

ಅಲ್ಲಿಂದ ಲುಂಬಿನಿಗೆ ಬಸ್ಸಿನಲ್ಲಿ ನೆಮ್ಮದಿಯಿಲ್ಲ, ಬಜಾರದಲ್ಲಿ ನೆಮ್ಮದಿಯಿಲ್ಲ. ಕ್ಲಾಸಿನಲ್ಲಿ ಹಳಗನ್ನಡದ ಪದ್ಯ ಶುರುಮಾಡಿದರೆ ಹಿಂದಿನ ಬೆಂಚಿನಿಂದ “ಮೇಡಂರೀ, ರಾಣಿ ಹೌದೋ ಅಲ್ಲೋ?” ಎಂಬ ದನಿ. ಸ್ಟಾಫ್ ರೂಮಿನಲ್ಲಿ ವಾಣಿಜ್ಯದ ದೇವೀಂದ್ರಪ್ಪ ಸರ್ ತಮ್ಮದೇ ಬೇರೆ ವಾದ ಇಟ್ಟುಕೊಂಡಿದ್ದರು. ಅದು ರಾಜನ ಅಣ್ಣನಂತೆ, ಆಸ್ತಿಯ ಜಗಳವಂತೆ. ತಲೆಶೂಲೆಗೆ ಗುಳಿಗೆ ತರಲು ಹೋದರೆ ಔಷಧಿ ಅಂಗಡಿಯ ಖಾಜಾಮಿಯಾ ಗುಳಿಗೆಯ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ:

“ಅಕ್ಕೋರೇ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ರಾಣಿನೇ ಹೌದಲ್ಲ? ಬರೇ ತಲಿ ಆಡಸ್ರಿ, ಸಾಕು.”

“ನನಗ ಖರೇನೇ ಗೊತ್ತಿಲ್ರೀ ಭಾಯಿ.”

“ಗೊತ್ತಿಲ್ಲ ಅಂತೀರಿ. ಅಲ್ಲ ಅಂತ ಅನ್ನವಲ್ರಿ.”

“ಅಲ್ಲ.”

“ಹಾಂ! ಗೊತ್ತಿಲ್ಲಂದ್ರ ಅಲ್ಲ ಅಂತ ಹೇಳ್ಲಿಕ್ಕೆ ಹ್ಯಾಂಗ ಬಂತ್ರಿ?”

ಲುಂಬಿನಿ ಗುಳಿಗೆ ಕಸಿದುಕೊಂಡು ಬಂದಳು. ಮನೆಗೆ ಬಂದು ಗಂಡನ ಮುಂದೆ ಗೋಳು ಹೇಳಿಕೊಂಡರೆ ಅವನದು ಇನ್ನೊಂದು ಥರ. ಅವನು ಜನ್ಮದಲ್ಲಿ ಆಟವಾಡಿದವನಲ್ಲ. ಆದರೆ ಹೆಂಡತಿಯ ಹೆಸರು ಮೊಬೈಲಿನಲ್ಲಿ ಬರುತ್ತದೆ ಎಂಬುದನ್ನು ಜಂಕ್ಷನ್ನಿನ ಎಲ್ಲ ಪ್ಲಾಟ್‌ಫಾರಂಗಳಲ್ಲೂ ಸಾರಿಬಿಟ್ಟಿದ್ದ.

“ಏನರೆ ಒಂದ್ ಹೇಳಿಬಿಡಲ್ಲ, ಅವರ ಬಾಯಿ ಮುಚ್ಚತದ,” ಎಂದ.

“ಏನ್ ಹೇಳ್ಲಿ? ಗೊತ್ತಿಲ್ಲದ್ದು ಹೇಳ್ಲೇನು?”

ಅವನು ದನಿ ತಗ್ಗಿಸಿ, “ನನಗಾರ ಹೇಳು. ನಾ ಗಂಡ ಇದ್ದೀನಿ,” ಎಂದ. ಲುಂಬಿನಿ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು.

ಕೊನೆಗೊಂದು ಭಾನುವಾರ ಬೆಳಗ್ಗೆ ನಂದಕಿಶೋರ್ ಸೇಡಂನಿಂದ ಹೊರಟು ನೇರ ಮನೆಗೇ ಬಂದ. ಒಳ್ಳೆಯ ಹುಡುಗನೇ. ಬಾಗಿಲಲ್ಲಿ ಚಪ್ಪಲಿ ಜೋಡಿಸಿ ಬಿಟ್ಟು, ಕೈ ಮುಗಿದು, ಕೊಟ್ಟ ಚಹಾ ಪೂರ್ತಿ ಕುಡಿದ. ಲುಂಬಿನಿಯ ಅತ್ತೆ ಹಣಮವ್ವ ಕಣ್ಣು ತೋರಿಸಲು ಭಂಕೂರದಿಂದ ಬಂದವಳು ಮೂಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಇವತ್ತು ಈ ಗೊಂದಲಕ್ಕೆ ಮಂಗಳ ಹಾಡಿಬಿಡಬೇಕೆಂದು ಲುಂಬಿನಿ ತಾಳ್ಮೆಯಿಂದ ಶುರುಮಾಡಿದಳು.

“ನೋಡ್ರಿ ಸರ್, ಇಂಗ್ಲಿಷಿನಾಗ ಅವನೋ ಅವಳೋ ಹೇಳಿಲ್ಲ. ಅದಕ್ಕ ನಾ ‘ಅವರು’ ಅಂತ ಬರದೆ. ವ್ಯಾಕರಣ ಅದು. ರಾಜಮನೆತನ ಅಲ್ಲ.”

“ಹೇಳಿಲ್ಲಂದ್ರ ಮುಚ್ಚಿಟ್ಟಾರ ಅಂತ ಆತಲ್ರಿ ಮೇಡಂ. ಮುಚ್ಚಿಡುವಂಥಾಕಿ ರಾಣಿ ಬಿಟ್ಟು ಇನ್ನ್ಯಾರಿದ್ದಾರ?”

“ಆತು, ಅದು ಬಿಡ್ರಿ. ಆ ‘ಸಾಕಾಗ್ಯಾದ ನೋಡು’ ಅನ್ನೋ ಮಾತು ನಮ್ಮ ಅತ್ತಿ ಮಾತು. ಕೈಗಿ ಬಂತು, ಬರದೆ. ತಿದ್ದೋರು ಮರತಾರ. ಅಷ್ಟೇ.”

“ಎರಡೇ ಕಡಿ ಯಾಕ ಬಂತ್ರಿ?”

“ಎರಡೇ ಕಡಿ ಅಲ್ರೀ! ಭಾಳ ಕಡಿ ಬರದಿದ್ದೆ. ಉಳಿದಿದ್ದೆಲ್ಲ ತಿದ್ಯಾರ!”

“ಮತ್ತ ಬರಾಬ್ಬರ್ ಇವೆರಡೇ ಯಾಕ ಉಳದಾವ?” ಎಂದು ನಂದಕಿಶೋರ್ ಕಪ್ಪನ್ನು ಕೆಳಗಿಟ್ಟ. “ಅಕಸ್ಮಾತ್ ಉಳದಾವಂದ್ರ ಗಣಿತದಾಗ ಅದಕ್ಕ ಸಂಭವ ಎಷ್ಟು ಕಡಿಮಿ ಅದ ಗೊತ್ತೇನ್ರಿ? ನಾ ಲೆಕ್ಕ ಹಾಕೀನಿ, ತೋರಸ್ಲೇನು?”

“ಬರದಾಕಿ ನಾ ಹೇಳ್ಲಿಕತ್ತೀನಿ!”

“ಬರದವರಿಗಿ ಎಲ್ಲಾ ಗೊತ್ತಿರ್ತದಂತ ಏನಿಲ್ರಿ ಮೇಡಂ,” ಎಂದ ಅವನು ಬಹಳ ವಿನಯದಿಂದ. “ನಿಮಗ ಗೊತ್ತಿಲ್ಲದೇ ನಿಮ್ಮ ಕೈಯಾಗ ಖರೇ ಬಂದದ.”

ಲುಂಬಿನಿ ಗೊತ್ತಿದ್ದರೂ ಸಿಕ್ಕಿಬಿದ್ದಳು, ಗೊತ್ತಿಲ್ಲದಿದ್ದರೂ ಸಿಕ್ಕಿಬಿದ್ದಳು. ಅಷ್ಟರಲ್ಲಿ ಮೂಲೆಯಿಂದ ಮೊರದ ಸದ್ದು ನಿಂತಿತು.

“ಯಾ ಮಾತು? ನನ್ನ ಮಾತೇನು?” ಎಂದಳು ಹಣಮವ್ವ. “ನನ್ನ ಮಾತು ಫೋನಿನಾಗ ಹಾಕೀರೇನು? ನನ್ನ ಕೇಳಲಾರ್ದೇ?”

“ಅತ್ತಿ, ನೀವು ಜರಾ ಸುಮ್ನ ಕುಂದ್ರಿ,” ಎಂದು ಲುಂಬಿನಿ ತಡೆಯುವ ಮೊದಲೇ ನಂದಕಿಶೋರ್ ಆ ಕಡೆ ತಿರುಗಿ ಕೂತಿದ್ದ. ಅವನ ಮುಖದಲ್ಲಿ ಬೆಳಕು ಮೂಡಿತ್ತು, ಕೈ ಆಗಲೇ ಜೇಬಿನ ಮೊಬೈಲಿಗೆ ಹೋಗಿತ್ತು.

ಮೂರನೆಯ ದಿನ ವಿಡಿಯೊ ಬಂತು. ‘ಬೂದಿಗಂಬಳಿಯ ಅಸಲಿ ಮುಖ ಭಂಕೂರದಲ್ಲಿ!’ ಅದರಲ್ಲಿ ಹಣಮವ್ವ ಮೊರ ಹಿಡಿದು ಕೂತಿದ್ದಳು. ರಾಣಿಗೂ ಬೂದಿಗಂಬಳಿಗೂ ಮೂಲ ಇವರೇ, ಆದ್ದರಿಂದ ಅವರಿಬ್ಬರೂ ಒಬ್ಬರೇ ಎಂದು ನಂದಕಿಶೋರ್ ಹೊಸ ಸಮೀಕರಣ ಬರೆದಿದ್ದ. ಹಣಮವ್ವ ಊರಿಗೆ ಮರಳಿದ ವಾರದಲ್ಲೇ ಶಹಾಬಾದಿನ ಕಾಲೇಜು ಹುಡುಗಿಯರು ಒಂದು ಬೂದಿ ಬಣ್ಣದ ಕಂಬಳಿ ತಂದು ಆಕೆಗೆ ಹೊದಿಸಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋದರು. ಆಮೇಲೆ ಬೇರೆಯವರು ಬಂದರು. ಲುಂಬಿನಿ ಒಮ್ಮೆ ಭಂಕೂರಕ್ಕೆ ಹೋದಾಗ ಅಂಗಳದಲ್ಲಿ ಆರೇಳು ಮಂದಿ ಕೂತಿದ್ದರು, ಅತ್ತೆ ಅವರಿಗೆ ತಾನು ಕೋಟೆಯ ಮೇಲೆ ದೀಪ ಹಚ್ಚುತ್ತಿದ್ದ ಕಾಲದ ಸುದ್ದಿ ಹೇಳುತ್ತಿದ್ದಳು.

“ಯಾ ಕೋಟಿ ಅತ್ತಿ? ನೀವು ಯಾವಾಗ ಕೋಟಿ ಹತ್ತಿದ್ರಿ?” ಎಂದು ಒಳಗೆ ಕರೆದು ಕೇಳಿದಳು.

“ಕೋಟಿ ಹತ್ತಲಿಲ್ಲಂದ್ರ ಏನಾತು? ದೀಪ ಹಚ್ಚಿಲ್ಲೇನು ನಾ?” ಎಂದಳು ಹಣಮವ್ವ. “ಅಷ್ಟು ದೂರಲಿಂದ ಬಂದಾರ ಪಾಪ, ಬರೇ ಕೈಲೆ ಕಳಸ್ಲೇನು?”

ಶಹಾಬಾದ ಕಲ್ಲಿನ ಪಾಲಿಶ್ ಕೆಲಸದಲ್ಲಿ ಆಯುಷ್ಯ ಕಳೆದ ಮಾವ ಚಂದ್ರಾಮ ಹೊರಸಿನ ಮೇಲಿಂದ ಗೊಣಗಿದ: “ಮನ್ಯಾಗ ಲೈಟ್ ಹೋದ್ರ ಒಂದ್ ಮೇಣಬತ್ತಿ ಹಚ್ಚಂಗಿಲ್ಲ. ಊರಾನ ಕೋಟಿಗೆಲ್ಲ ದೀಪ ಹಚ್ಯಾಳಂತ ಈಕಿ.” ಈ ಇಡೀ ವ್ಯವಹಾರದಲ್ಲಿ ತನ್ನಷ್ಟೇ ಬೇಸತ್ತ ಇನ್ನೊಂದು ಜೀವ ಸಿಕ್ಕಿತೆಂದು ಲುಂಬಿನಿ ಮಾವನಿಗೆ ಎರಡನೆಯ ಬಾರಿ ಚಹಾ ಮಾಡಿಕೊಟ್ಟಳು.

ಮುಂದಿನ ಬೇಸಿಗೆಗೆ ಆಟದ ಎರಡನೆಯ ಭಾಗದ ಕೆಲಸ ಬಂತು. ಬೇಡವೆನ್ನಬೇಕೆಂದು ಎರಡು ಸಲ ಉತ್ತರ ಬರೆದು ಅಳಿಸಿದಳು. ಬರೆಯುವ ಕೆಲಸ ಆಕೆಗೆ ಇಷ್ಟವಿತ್ತು, ತಲೆಶೂಲೆ ಬಂದದ್ದು ಆಡುವವರಿಂದ. ಈ ಸಲವೂ ಸಾಲುಗಳು ಚೂರುಚೂರಾಗಿಯೇ ಬಂದವು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಬಿಡಿಸುತ್ತ ಹೋಗುವಾಗ ಒಂದು ಮಧ್ಯಾಹ್ನ ಬೂದಿಗಂಬಳಿಯ ಕಂಬಳಿ ಜಾರಿತು.

ರಾಣಿಯಲ್ಲ. ರಾಜನ ಅಣ್ಣನೂ ಅಲ್ಲ. ಮೊದಲ ಕೋಟೆಯ ಬಾಗಿಲು ಕಾಯುವವನ ಮಗಳು, ನೀರಾ ಎಂದು ಹೆಸರು. ಮೊದಲ ಭಾಗದ ಶುರುವಿನಲ್ಲಿ ‘ಒಳಗೆ ಹೋಗಿ, ಕತ್ತಲಾಗುತ್ತಿದೆ’ ಎಂಬ ಒಂದೇ ಮಾತಾಡಿ ಸರಿದು ನಿಂತವಳು. ಕೋಟೆಗೆ ಬೆಂಕಿ ಬಿದ್ದಾಗ ಎಲ್ಲರನ್ನೂ ಹೊರಗೆ ದಾಟಿಸಿ, ಸುಟ್ಟ ಮೈಗೆ ಕಂಬಳಿ ಹೊದ್ದು, ದಾರಿಹೋಕರು ಎಡವಬಾರದೆಂದು ಕೋಟೆಯಿಂದ ಕೋಟೆಗೆ ದೀಪ ಹಚ್ಚುತ್ತ ತಿರುಗಿದ್ದಳು. ‘ಕತ್ತಲಾಗುತ್ತಿದೆ’ ಎಂಬ ಆ ಒಂದು ಸಾಲನ್ನು ಹೋದ ಸಲ ಕನ್ನಡಕ್ಕೆ ತರುವಾಗ ಲುಂಬಿನಿ ಅರೆಕ್ಷಣವೂ ನಿಂತು ನೋಡಿರಲಿಲ್ಲ. ಬೆವರು ಒರೆಸಿಕೊಂಡು ಹಳೆಯ ಕಡತ ತೆಗೆದು ಅದನ್ನು ಮತ್ತೆ ಓದಿದಳು.

ಕಂಬಳಿ ಜಾರಿದ ಮೇಲೆ ಇಂಗ್ಲಿಷಿನವರು ಅವಳೆಂದೇ ಬರೆದಿದ್ದರು. ಲುಂಬಿನಿ ‘ನೀರಾ ಅವರು ಬಂದರು’ ಎಂದೇ ಮುಂದುವರಿಸಿದಳು. ಮೈಸೂರಿನಿಂದ ತಿದ್ದುವವರ ಪ್ರಶ್ನೆ ಬಂತು: ‘ಈಗ ಹೆಣ್ಣೆಂದು ತಿಳಿದಿದೆಯಲ್ಲ. ಅದೂ ಕಾವಲುಗಾರನ ಮಗಳು. ಅವಳು ಎಂದು ಮಾಡೋಣವೇ?’

ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಲುಂಬಿನಿಯ ಕಿವಿ ಬಿಸಿಯಾಯಿತು. ಐನಾಪುರದಲ್ಲಿ ಮೊಮ್ಮಕ್ಕಳ ವಯಸ್ಸಿನ ಹುಡುಗರು, ಆಕೆ ಆಯಿ ಎನ್ನುತ್ತಿದ್ದ ಅಜ್ಜಿಯನ್ನು ‘ಏ ಬಾರೇ’ ಎಂದು ಹೊಲದ ಕೆಲಸಕ್ಕೆ ಕರೆಯುತ್ತಿದ್ದರು. ಅಜ್ಜಿ ಸಾಯುವವರೆಗೆ ಆ ಊರಿನಲ್ಲಿ ಮನೆಯ ಹೊರಗೆ ಒಬ್ಬರೂ ‘ರೀ’ ಎನ್ನಲಿಲ್ಲ. ಯಾರೆಂದು ಗೊತ್ತಿಲ್ಲದಾಗ ‘ಅವರು’, ಬಾಗಿಲು ಕಾಯುವವನ ಮಗಳೆಂದು ಗೊತ್ತಾದ ಕೂಡಲೇ ‘ಅವಳು’! ‘ಏಳು ಕೋಟೆ ದಾಟುವವರೆಗೂ ಅವರು ಎಂದು ಕರೆದವರನ್ನು ಈಗ ಅವಳು ಎನ್ನಲು ನನ್ನಿಂದಾಗದು. ಬದಲಾಯಿಸುವುದಾದರೆ ನನ್ನ ಹೆಸರು ತೆಗೆಯಿರಿ’ ಎಂದು ಉತ್ತರ ಬರೆದಳು. ಎರಡು ದಿನದ ಮೇಲೆ ‘ಹಾಗೇ ಇರಲಿ, ನೀವು ಹೇಳಿದ್ದು ಸರಿ’ ಎಂದು ಮೈಸೂರು ಒಪ್ಪಿತು.

ಆಟ ಬಿಡುಗಡೆಯಾಗುವವರೆಗೆ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಈಗ ನಿಜವಾಗಿ ಗೊತ್ತಿತ್ತು. ಖಾಜಾಮಿಯಾ ಕೇಳಿದಾಗಲೆಲ್ಲ ಮುಖ ತಿರುಗಿಸಿ ಕ್ಯಾಲೆಂಡರ್ ನೋಡುತ್ತಿದ್ದಳು. ಬಿಡುಗಡೆಯ ದಿನ ಮಾತ್ರ ಮನಸ್ಸು ಹಗುರಾಗಿತ್ತು. ಉತ್ತರ ಎಲ್ಲರ ಕೈಯಲ್ಲೇ ಇರುತ್ತದೆ, ಇನ್ನು ಯಾರು ಏನು ಕೇಳಿಯಾರು?

ನಂದಕಿಶೋರನ ವಿಡಿಯೊ ಬಂತು: ‘ಕನ್ನಡದಲ್ಲಿ ಸತ್ಯ ಬೇರೆ!’ ಬಾಗಿಲು ಕಾಯುವವನ ಮಗಳೆಂದು ಆಟವೇ ಹೇಳುತ್ತದೆ, ಒಪ್ಪಿದೆ. ಆದರೆ ಕೊನೆಯವರೆಗೂ ‘ಅವರು’ ಎನ್ನುತ್ತಾರಲ್ಲ? ಕಾವಲುಗಾರನ ಮಗಳಿಗೆ ಯಾವ ಊರಲ್ಲಿ ಅವರು ಎನ್ನುತ್ತಾರೆ? ಒಂದೋ ಅನುವಾದ ತಪ್ಪಿದೆ, ಇಲ್ಲವೋ ಅವಳು ಬಾಗಿಲು ಕಾಯುವವನ ಮನೆಯಲ್ಲಿ ಅಡಗಿ ಬೆಳೆದ ರಾಜಕುಮಾರಿ. ಕೆಳಗೆ ನೂರಾರು ಜನ ‘ಹೌದು ಹೌದು’ ಎಂದಿದ್ದರು. ಅನುವಾದಕಿಗೆ ವ್ಯಾಕರಣ ಬರುವುದಿಲ್ಲ ಎಂದೂ ಕೆಲವರು ಬರೆದಿದ್ದರು.

ಕಾಲೇಜಿನಿಂದ ಬಂದ ಲುಂಬಿನಿ ಅದನ್ನು ನಿಂತುಕೊಂಡೇ ನೋಡಿದಳು. ಚೀಲವನ್ನೂ ಕೆಳಗಿಡದೆ ಮೊದಲ ಸಲ ತಾನಾಗಿ ಸೇಡಂಗೆ ಫೋನ್ ಹಚ್ಚಿದಳು.

“ನಮಸ್ಕಾರ್ರೀ ಮೇಡಂ! ನೋಡಿದ್ರೇನು?”

“ನೋಡಿದೆ. ಒಂದೇ ಮಾತು ಕೇಳ್ತೀನಿ ಸರ್, ಲೆಕ್ಕ ಹಾಕಿ ಹೇಳ್ರಿ. ಕಂಬಳಿ ಒಳಗ ಯಾರಿದ್ದಾರಂತ ಗೊತ್ತಿಲ್ಲದಾಗ ನೀವೂ ವರ್ಷಪೂರ್ತಿ ಅವರು, ಅವರು ಅಂದ್ರಿ. ಬಾಯಿ ಸವೀಲಿಲ್ಲ. ಈಗ ಬಾಗಿಲ ಕಾಯಾವನ ಮಗಳಂತ ಗೊತ್ತಾತು. ಆಕಿ ಮಾಡಿದ್ದೇನು ಕಡಿಮಿ ಆತೇನು? ದೀಪ ಆರ್ಯಾವೇನು?”

“ಹಂಗಲ್ರಿ ಮೇಡಂ, ನಾ ಹೇಳಿದ್ದು—”

“ಹಂಗೇ ಹೇಳೀರಿ. ಯಾವ ಊರಾಗ ಅಂತಾರ ಅಂತ ಕೇಳೀರಿ. ಯಾ ಊರಾಗೂ ಅನ್ನಂಗಿಲ್ಲ, ನನಗ ಗೊತ್ತದ. ನಮ್ಮ ಆಯಿಗಿ ಯಾರೂ ಅನ್ಲಿಲ್ಲ. ಅದಕ್ಕೇ ಬರದೀನಿ. ಈ ಸಲ ಕಣ್ತಪ್ಪಿ ಬಂದಿದ್ದಲ್ಲ. ನಾ ಜಗಳಾಡಿ ಇಟ್ಟೀನಿ. ಬರದಾಕಿ ಹೇಳ್ಲಿಕತ್ತೀನಿ, ಈಗರೆ ಕೇಳ್ತೀರೇನು?”

ಆ ಕಡೆಯಿಂದ ಮಠದ ಗಂಟೆಯ ಸದ್ದು, ಯಾರೋ ಮಂತ್ರ ಹೇಳುವುದು ಕೇಳುತ್ತಿತ್ತು.

“ತಪ್ಪಾತ್ರಿ ಮೇಡಂ,” ಎಂದ ನಂದಕಿಶೋರ್ ಕೊನೆಗೆ. “ನಾ ಹಂಗ ವಿಚಾರ ಮಾಡ್ಲಿಲ್ಲ.”

ಆ ವಿಡಿಯೊವನ್ನು ಅವನು ಅದೇ ಸಂಜೆ ತೆಗೆದುಹಾಕಿದ. ಮುಂದಿನ ವಾರ ಹೊಸದೊಂದು ಬಂದಾಗ ಸುರೇಶಕುಮಾರ ಅದನ್ನು ಹೆಂಡತಿಯ ಮುಂದೆ ಹಿಡಿದು ಕೂತ. ನಂದಕಿಶೋರ್ ಮೊದಲಿಗೇ ತಾನು ತಪ್ಪು ಮಾತಾಡಿದ್ದಾಗಿ ಹೇಳಿ ಕ್ಷಮೆ ಕೇಳಿದ. ಅನುವಾದಕಿ ಯಾಕೆ ಹಾಗೆ ಬರೆದರು ಎಂಬುದನ್ನು ತಡವರಿಸುತ್ತಲೇ ಆದರೂ ಸರಿಯಾಗಿಯೇ ವಿವರಿಸಿದ. ಒಂದು ಸಲವೂ ಅವಳು ಎನ್ನದೆ ‘ನೀರಾ ಅವರು, ನೀರಾ ಅವರು’ ಎನ್ನುತ್ತ ಹೋದ. ಲುಂಬಿನಿ ಅಷ್ಟನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಗಂಡ ಅವಳ ಕಡೆ ನೀರಿನ ತಂಬಿಗೆ ಸರಿಸಿದ.

“ಇನ್ನೊಂದು ಮುಖ್ಯ ವಿಷಯ,” ಎಂದ ನಂದಕಿಶೋರ್ ತೆರೆಯ ಮೇಲೆ, ದನಿ ಏರಿಸಿ. “ನೀರಾ ಅವರ ತಂದೆ, ಆ ಬಾಗಿಲು ಕಾಯೋರು. ಅವರ ಮುಖಾನೂ ಆಟದಾಗ ಎಲ್ಲೂ ಕಾಣಂಗಿಲ್ಲ. ಗಮನಿಸೀರೇನು? ಹಂಗಾದ್ರ ಅವರು ಖರೇ ಯಾರು?”

ಸುರೇಶಕುಮಾರ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. “ಯಾರಂತ?”

ಲುಂಬಿನಿ ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು ಸ್ವಿಚ್ ಒತ್ತಿ ದಿಂಬಿನ ಕೆಳಗೆ ತುರುಕಿದಳು. ಆಮೇಲೆ ತಿದ್ದದೆ ಉಳಿದಿದ್ದ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ, ಕೆಂಪು ಪೆನ್ನು ಹಿಡಿದು, ಗಂಡನಿಗೆ ಬೆನ್ನು ಮಾಡಿ ಕೂತಳು.